ಕ್ಯಾನಿನ ಕೊರಳಿನ ಕೆಂಪು ದಾರ

“ಹೊನ್ನೆಗಿರಿಯ ಪ್ರಜೆಗಳೇ, ಕೇಳಿರಿ! ಅರಮನೆಯ ಮರ ಕೊಯ್ಯುವ ಮಿಷನ್ ಸತ್ತಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಮಾರೋಜ ದ್ರೋಹ ಮಾಡಿದನೆಂದು ಅರಸರು ಅವನನ್ನು ಸೆರೆಯಲ್ಲಿಟ್ಟಿದ್ದಾರೆ. ರಾಜಕುಮಾರಿಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಭಾನುವಾರ ಮಾರೋಜನ ತಲೆಯ ಜೊತೆಗೇ ಹೋಗುತ್ತದೆ!” ಎಂದು ಊರಿನಲ್ಲಿ ಡಂಗುರ ಸಾರಿದರು.

ಮಿಷನ್ ಎಂದರೆ ಸರಪಳಿ ಗರಗಸ. ಪೆಟ್ರೋಲಿನಿಂದ ಓಡುತ್ತದೆ. ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಸರಪಳಿ ತಿರುಗಿ ಮರ ಕೊಯ್ಯುತ್ತದೆ. ಅರಸ ಸೋಮಭೂಪನ ತಂದೆಯ ಕಾಲದ್ದು, ಇಡೀ ನಾಡಿಗೆ ಅದೊಂದೇ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಗೊಂದಲವಾಗುತ್ತದೆ. ಈ ಮಿಷನ್ನಿಗೆ ಬರೀ ಪೆಟ್ರೋಲ್ ಹಾಕುವಂತಿಲ್ಲ, ಅದರಲ್ಲಿ ಎಂಜಿನ್ ಎಣ್ಣೆ ಬೆರೆಸಬೇಕು. ಮಿಷನ್ ಇಡುತ್ತಿದ್ದ ಮಾರೋಜನ ಕೊಟ್ಟಿಗೆಯಲ್ಲಿ ಒಂದು ಪದ್ಧತಿಯಿತ್ತು. ಎಣ್ಣೆ ಬೆರೆಸಿದವರು ಪೆಟ್ರೋಲ್ ಕ್ಯಾನಿನ ಕೊರಳಿಗೆ ಕೆಂಪು ದಾರ ಕಟ್ಟಬೇಕು. ದಾರ ಇದ್ದರೆ ಯಾರೂ ಮುಚ್ಚಳ ತೆಗೆದು ಪರೀಕ್ಷೆ ಮಾಡುತ್ತಿರಲಿಲ್ಲ. ಪರೀಕ್ಷೆ ಮಾಡಿದರೆ ಕಟ್ಟಿದವನನ್ನು ನಂಬಲಿಲ್ಲ ಎಂದೇ ಅರ್ಥ. ಆ ಕೊಟ್ಟಿಗೆಯಲ್ಲಿ ಇದ್ದವರು ಮೂವರೇ: ಮಾರೋಜ, ದೊಡ್ಡ ಮಗ ಮುದ್ದೋಜ, ಚಿಕ್ಕ ಮಗ ಕಲ್ಲೋಜ. ಮಾರೋಜ ಸೆರೆಗೆ ಹೋದ ಮೇಲೆ ಅವನ ಕೆಲಸ ಮುದ್ದೋಜನಿಗೆ ಸಿಕ್ಕಿತ್ತು.

ರಾಜಕುಮಾರಿ ಗಿರಿಮಲ್ಲಿಕೆ ಸತ್ತ ಮಿಷನ್ನನ್ನು ತಾನೇ ಬಿಚ್ಚಿ ನೋಡಿದ್ದಳು. ಸಭೆಯಲ್ಲಿ ಅವಳ ಮುಂದೆ ಆ ಮಿಷನ್ನೂ ಕೆಂಪು ದಾರದ ಕ್ಯಾನೂ ಇದ್ದವು.

ಮೊದಲು ಬಂದವನು ನೆರೆನಾಡಿನ ರಾಜಕುಮಾರ. ಅವಳು ಕೇಳಿದಳು: “ಒಂದೇ ಮೈಗೆ ಎರಡು ಹೊಟ್ಟೆ. ಒಂದರ ಊಟ ಉರಿದುಹೋಗುತ್ತದೆ, ಇನ್ನೊಂದರ ಊಟ ಉರಿಯದೆ ಹೊರಗೆ ಹರಿಯುತ್ತದೆ. ಒಂದು ಬರಿದಾದಾಗ ಇನ್ನೊಂದು ತುಂಬಿಯೇ ಇದ್ದರೆ ಕೇಡು. ಯಾವುದದು?”

“ಒಂಟೆ!” ಎಂದ ರಾಜಕುಮಾರ.

“ಒಂಟೆಯ ಹೊಟ್ಟೆಯಲ್ಲಿ ಬೆಂಕಿ ಹಾಕಿದವರು ಯಾರಪ್ಪಾ?” ಎಂದಳು ಅವಳು. ಕಾವಲಿನವರು ಅವನನ್ನು ಕರೆದೊಯ್ದರು.

ಮಂತ್ರಿಯ ಮಗ ಬಂದು ಎದುರಿಗಿದ್ದ ಮಿಷನ್ ಕಡೆಗೆ ಬೆರಳು ತೋರಿಸಿದ. ಅದು ಸರಿಯಾದ ಉತ್ತರವೇ. ಅವನಿಗೆ ಎರಡನೆಯ ಒಗಟು: “ಮನೆ ತುಂಬ ಎಣ್ಣೆಯಿದೆ. ಹೊರಗೆ ಹೋಗುವ ದಾರಿ ತೆರೆದೇ ಇದೆ. ಆದರೂ ಒಂದು ತೊಟ್ಟೂ ಹೊರಗೆ ಬರುವುದಿಲ್ಲ. ತಡೆದವರು ಯಾರು?”

“ಜಿಪುಣ ಹೆಂಡತಿ!”

ಸಭೆ ನಕ್ಕಿತು. ಅವನನ್ನೂ ಕರೆದೊಯ್ದಾಗ ನಗು ನಿಂತಿತು.

ಆಮೇಲೆ ಮುಂದೆ ಬಂದವನು ಕಲ್ಲೋಜ. ಅವನ ಬಟ್ಟೆಯೆಲ್ಲ ಜಿಡ್ಡು. “ಅಮ್ಮಣ್ಣೀ, ಎರಡು ಹೊಟ್ಟೆ ಅಂದರೆ ಮಿಷನ್ನಿನ ಎರಡು ಟ್ಯಾಂಕು. ಪೆಟ್ರೋಲಿನದ್ದು ಎಂಜಿನ್ನಿಗೆ, ಎಣ್ಣೆಯದ್ದು ಸರಪಳಿಗೆ. ಪೆಟ್ರೋಲ್ ಮುಗಿದರೂ ಎಣ್ಣೆ ಉಳಿದಿದ್ದರೆ ಸರಪಳಿ ಒಣಗಿ ಓಡಿದೆ ಅಂತ ತಿಳೀಬೇಕು. ಇನ್ನು ಎರಡನೆಯದು. ಎಣ್ಣೆಯ ಟ್ಯಾಂಕಿಗೆ ಗಾಳಿ ಹೋಗೋಕೆ ಒಂದು ಸಣ್ಣ ಕಂಡಿಯಿದೆ. ಅದಕ್ಕೆ ಮರದ ಹೊಟ್ಟು ಮೆತ್ತಿಕೊಂಡಿದೆ. ಎಳನೀರಿಗೆ ಒಂದೇ ಸಣ್ಣ ತೂತು ಮಾಡಿ ಬಗ್ಗಿಸಿದರೆ ನೀರು ಬರುತ್ತದೆಯೇ? ಒಳಗೆ ಗಾಳಿ ಹೋದರೆ ತಾನೇ ಎಣ್ಣೆ ಹೊರಗೆ ಬರೋದು.”

ಗಿರಿಮಲ್ಲಿಕೆ ಒಂದು ಪಿನ್ನಿನಿಂದ ಆ ಕಂಡಿಯನ್ನು ಚುಚ್ಚಿ ಎಂಜಿನ್ನಿನ ಚಕ್ರವನ್ನು ಕೈಯಿಂದ ತಿರುಗಿಸಿದಳು. ಪಟ್ಟಿಯ ಮೇಲೆ ಎಣ್ಣೆ ಜಿನುಗಿತು. “ಸರಿ. ಇದು ಹಳೆಯ ಕಾಯಿಲೆ, ಇದರಿಂದ ಮಿಷನ್ ಸಾಯಲಿಲ್ಲ. ಮೂರನೆಯದು ಕೇಳು: ವಿಷ ಬೆರೆಸಿ ಕೊಲ್ಲುವವರುಂಟು. ಇದನ್ನು ಕೊಂದವನು ಏನನ್ನೂ ಬೆರೆಸಲಿಲ್ಲ. ಏನು ಕೊಂದಿತೆಂದು ನನಗೆ ಗೊತ್ತು. ಯಾರು ಕೊಂದರು?”

ಕಲ್ಲೋಜ, ರಾಜಕುಮಾರಿ ಬಿಚ್ಚಿಟ್ಟಿದ್ದ ಪಿಸ್ಟನ್ ನೋಡಿದ. ಮೈಯೆಲ್ಲ ಗೀರು. ಮಿಷನ್ ಎಣ್ಣೆ ಬೆರೆಸದ ಪೆಟ್ರೋಲ್ ಕುಡಿದಿತ್ತು. ಆಮೇಲೆ ಕ್ಯಾನಿನ ದಾರ ನೋಡಿದ. ಅದರ ಗಂಟನ್ನು ಬೆರಳಿನಿಂದ ಹೊರಳಿಸಿ ನೋಡಿದ.

ಹಿಂದಿನಿಂದ ಮುದ್ದೋಜ ಮೆಲ್ಲಗೆ ಅಂದ: “ತಮ್ಮಾ, ಅಪ್ಪ ಮರೆತ ಅಂದುಬಿಡೋ. ವಯಸ್ಸಾಯ್ತು, ಮರೆತ. ಮರೆವಿಗೆ ತಲೆ ತೆಗೆಯೋಲ್ಲ.”

“ತೆಗೀತಾರೆ ಅಣ್ಣಾ. ಡಂಗುರ ನೀನೂ ಕೇಳಿದೀಯ.” ಕಲ್ಲೋಜ ಅರಸನ ಕಡೆ ತಿರುಗಿದ. “ಮಹಾಪ್ರಭು, ಮಿಷನ್ನಿಗೆ ಸುರಿದ ಕೈ ನನ್ನದು. ದಾರ ನೋಡಿದೆ, ನಂಬಿದೆ, ಸುರಿದೆ. ಆದರೆ ಈ ದಾರ ಅಪ್ಪ ಕಟ್ಟಿದ್ದಲ್ಲ. ಅಪ್ಪನ ಎಡಗೈ ಬೆರಳು ಮಡಿಸೋಕಾಗಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದು ಕಟ್ಟುತ್ತಾನೆ, ದಾರದ ತುದಿ ಯಾವಾಗಲೂ ಜಗಿದುಹೋಗಿರುತ್ತದೆ. ಇದರ ತುದಿ ಹಾಗಿಲ್ಲ, ಗಂಟಿನೊಳಗೆ ಸಿಕ್ಕಿಸಿದ್ದಾರೆ. ಹಾಗೆ ಕಟ್ಟೋದು ನಮ್ಮ ಕೊಟ್ಟಿಗೆಯಲ್ಲಿ ಒಬ್ಬನೇ. ನನಗೆ ಗಂಟು ಹಾಕೋದು ಕಲಿಸಿದವನೂ ಅವನೇ.”

ಅವನು ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಸಭೆಯೆಲ್ಲ ಮುದ್ದೋಜನ ಕಡೆ ತಿರುಗಿತ್ತು.

ರಾಜಕುಮಾರಿ ಕ್ಯಾನಿನಿಂದ ಒಂದು ಗಾಜಿನ ಲೋಟಕ್ಕೆ ಸುರಿದಳು. ಎಂಜಿನ್ ಎಣ್ಣೆಗೆ ನೀಲಿ ಬಣ್ಣ, ಬೆರೆತಿದ್ದರೆ ಪೆಟ್ರೋಲ್ ನೀಲಿಯಾಗಬೇಕಿತ್ತು. ಲೋಟದಲ್ಲಿದ್ದ ಪೆಟ್ರೋಲಿಗೆ ನೀಲಿಯ ಸುಳಿವೇ ಇರಲಿಲ್ಲ.

“ಇಪ್ಪತ್ತು ವರ್ಷ ಅಪ್ಪನ ಕೈಕೆಳಗೆ ದುಡಿದೆ,” ಎಂದ ಮುದ್ದೋಜ. “ಆದರೂ ತನ್ನ ಜಾಗ ಚಿಕ್ಕವನಾದ ನಿನಗೇ ಅಂದ. ಒಂದು ದಿನ ಅವನ ಹೆಸರು ಕೆಡಲಿ ಅಂತ ಮಾಡಿದೆ. ತಲೆ ತೆಗೆಯೋ ಮಾತು ಬರುತ್ತದೆ ಅಂದುಕೊಂಡಿರಲಿಲ್ಲ.”

“ಬಂದ ಮೇಲೆ ಸುಮ್ಮನಿದ್ದೆಯಲ್ಲ,” ಎಂದ ಕಲ್ಲೋಜ.

ಅರಸ ಕೇಳಿದ: “ಏನು ಬೇಕಪ್ಪಾ ನಿನಗೆ?”

“ಯಾರ ತಲೆಯೂ ಬೇಡ ಮಹಾಪ್ರಭು. ಅಪ್ಪನನ್ನು ಬಿಟ್ಟುಬಿಡಿ. ಒಂಟೆ ಅಂದವರನ್ನೂ ಜಿಪುಣ ಹೆಂಡತಿ ಅಂದವರನ್ನೂ ಬಿಟ್ಟುಬಿಡಿ.”

ಹಾಗೆಯೇ ಆಯಿತು. ಮುದ್ದೋಜ ಸಂಜೆಯೊಳಗೆ ನಾಡು ಬಿಟ್ಟ. ಕಲ್ಲೋಜನಿಗೆ ಅರಮನೆಯ ಮಿಷನ್ನಿನ ಉಸ್ತುವಾರಿ ಸಿಕ್ಕಿತು. ಮಿಷನ್ನಿಗೆ ಹೊಸ ಪಿಸ್ಟನ್ ಬಂತು.

ಅದನ್ನು ಮತ್ತೆ ಓಡಿಸುವ ದಿನ ಕಲ್ಲೋಜ ಅಳತೆ ನೋಡಿ ಎಣ್ಣೆ ಬೆರೆಸಿ, ಕ್ಯಾನಿಗೆ ಕೆಂಪು ದಾರ ಕಟ್ಟಿ, ಅಪ್ಪನ ಮುಂದಿಟ್ಟ. ಮಾರೋಜ ದಾರವನ್ನು ನೋಡಿದ, ಮಗನ ಮುಖ ನೋಡಿದ. ಆಮೇಲೆ ಮುಚ್ಚಳ ತೆಗೆದು ಕ್ಯಾನನ್ನು ಬೆಳಕಿಗೆ ಬಗ್ಗಿಸಿದ.

ನೀಲಿಯಾಗಿಯೇ ಇತ್ತು. ಕಲ್ಲೋಜ ಬೇರೆ ಕಡೆ ನೋಡುತ್ತ ನಿಂತಿದ್ದ.