ಎಂಜಿನ್ನಿಗಿಟ್ಟ ಬಿಳಿ ಬೊಟ್ಟು

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರಳಯ್ಯ ಅಂತ ಒಬ್ಬರು ಗುರುಗಳು. ಅವರ ಹತ್ತಿರ ಇದ್ದದ್ದು ಒಬ್ಬ ಶಿಷ್ಯ, ಒಂದು ಹಳೇ ಕಾರು. ನಗಬೇಡಿ. ಊರಿಗೆ ಶಿಷ್ಯನಿಗಿಂತ ಕಾರಿನಿಂದಲೇ ಹೆಚ್ಚು ಉಪಕಾರ ಆಗಿತ್ತು.

ಹಾವು ಕಚ್ಚಿದವರು, ಹೆರಿಗೆ ನೋವು ತಿನ್ನುವವರು, ಎಲ್ಲರನ್ನೂ ಪೇಟೆ ಆಸ್ಪತ್ರೆಗೆ ಮುಟ್ಟಿಸುತ್ತಿದ್ದದ್ದು ಅದೇ.

ಈಚೆಗೆ ಅದರಲ್ಲಿ ಹೋಗಿಬರುತ್ತಿದ್ದವಳು ಹೊನ್ನಮ್ಮ, ಆಶ್ರಮದ ಅಡುಗೆಯವಳು. ಅವಳ ಕಿಡ್ನಿ ಕೈಕೊಟ್ಟಿತ್ತು. ಸೋಮವಾರ, ಗುರುವಾರ ಪೇಟೆಗೆ ಹೋಗಿ ಮೆಷಿನ್ನಿಗೆ ಮೈಯೊಡ್ಡಿ ರಕ್ತ ತೊಳೆಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತೆ, ಇನ್ನೊಂದು ತಪ್ಪಿದರೆ ನೀರು ಎದೆಗೇರುತ್ತೆ ಅಂತ ಡಾಕ್ಟರು ಹೇಳಿದ್ದರು.

ಅಂಥದ್ದರಲ್ಲಿ ಒಂದು ಸೋಮವಾರ ಬೆಳಿಗ್ಗೆ ಕಾರು ಅಂಗಳದಲ್ಲೇ ಬಿಳಿ ಹೊಗೆ ಕಾರಿ ನಿಂತುಬಿಟ್ಟಿತು. ಊರಿನ ಹಾಲಿನ ವ್ಯಾನು ಆಗಲೇ ಹೊರಟುಹೋಗಿತ್ತು. ಹೊನ್ನಮ್ಮನ ಸರದಿ ತಪ್ಪಿತು.

ಗುರುಗಳು ಕೋಲೂರಿಕೊಂಡು ಬಂದು ಹೊಗೆಯನ್ನು ಮೂಸಿದರು.

"ಗ್ಯಾಸ್ಕೆಟ್ಟು ಸುಟ್ಟಿದೆ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರೋ ಹಾಳೆ ಅದು. ಅದು ಹೋದರೆ ನೀರು ಬೆಂಕಿ ಇರೋ ಕಡೆ ನುಗ್ಗುತ್ತೆ."

ಶಿಷ್ಯನ ಹೆಸರು ಲಕ್ಕಣ್ಣ. "ಪೇಟೆ ಗ್ಯಾರೇಜಿನವರನ್ನ ಕರೆಸಲಾ ಗುರುಗಳೇ?" ಅಂದ.

"ಅವರು ಎಳಕೊಂಡು ಹೋಗಿ ವಾರ ಇಟ್ಟುಕೋತಾರೆ. ಹೊನ್ನಿ ಮೈಯಲ್ಲಿರೋ ನೀರು ವಾರ ಕಾಯುತ್ತಾ?"

ಹಿಂದೆ ಈ ಕೆಲಸವನ್ನೆಲ್ಲ ಗುರುಗಳು ತಾವೇ ಮಾಡಿದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯ ನಿಂತಿದ್ದಾನೆ ಅಂತ ಗೊತ್ತಾಗುತ್ತಿತ್ತು, ಯಾವ ಮನುಷ್ಯ ಅಂತ ಗೊತ್ತಾಗುತ್ತಿರಲಿಲ್ಲ.

"ಬಾಯಿ ನನ್ನದು, ಕೈ ನಿನ್ನದು. ಶುರುಮಾಡು," ಅಂದರು.

ಲಕ್ಕಣ್ಣ ಸೈಕಲ್ಲು ತುಳಿದು ಪೇಟೆಯಿಂದ ಹೊಸ ಗ್ಯಾಸ್ಕೆಟ್ಟು ತಂದ. ಹೇಗೂ ಬಿಚ್ಚುತ್ತಿದ್ದೀವಲ್ಲ, ಹಳೇ ಟೈಮಿಂಗ್ ಬೆಲ್ಟೂ ಬದಲಾಯಿಸಿಬಿಡು ಅಂತ ಗುರುಗಳು ಹೇಳಿದ್ದಕ್ಕೆ ಅದನ್ನೂ ತಂದ. ಬೇವಿನ ಮರದ ಕೆಳಗೆ ಚಾಪೆ ಹಾಸಿ, ಎಂಜಿನ್ನಿನ ತಲೆ ಬಿಚ್ಚಿಟ್ಟ.

ಹೊನ್ನಮ್ಮ ಅಡುಗೆಮನೆ ಹೊಸ್ತಿಲ ಮೇಲೆ ಕೂತು ನೋಡಿದಳು. ಅವಳ ಕಾಲು ಆಗಲೇ ಬಾಳೆದಿಂಡಿನ ಹಾಗೆ ಊದಿತ್ತು.

"ಏನೋ ಲಕ್ಕ, ಕೋಳಿ ಕುಯ್ದ ಹಾಗೆ ಹರವಿಕೊಂಡಿದ್ದೀಯಲ್ಲೋ. ಎಲ್ಲ ವಾಪಸ್ ಒಳಗೆ ಹೋಗುತ್ತಾ, ಇಲ್ಲ ನನ್ನ ಸಾರಿಗೆ ಹಾಕಲಾ?"

"ನೀನು ಸುಮ್ಮನೆ ಕೂತಿರಕ್ಕ. ಗುರುವಾರ ನಿನ್ನನ್ನ ಮಹಾರಾಣಿ ಹಾಗೆ ಕರಕೊಂಡು ಹೋಗ್ತೀನಿ."

"ಮಹಾರಾಣಿ ಬೇಡಪ್ಪ. ಜೀವಂತ ಹೋದರೆ ಸಾಕು," ಅಂತ ನಕ್ಕಳು. ಪಕ್ಕದಲ್ಲಿದ್ದ ಅವಳ ಗಂಡ ಜವರಪ್ಪ ನಗಲಿಲ್ಲ. ಅವನು ಆಶ್ರಮದ ತೋಟ ನೋಡಿಕೊಳ್ಳುವವನು, ಮಾತು ಕಮ್ಮಿ.

ಲಕ್ಕಣ್ಣ ಎಂಜಿನ್ನಿನ ತಲೆಯ ಅಡಿಯನ್ನು ಕೆರೆದು ಕನ್ನಡಿ ಹಾಗೆ ಮಾಡಿದ. ಹೊಸ ಹಾಳೆ ಕೂರಿಸಿದ. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಗುರುಗಳು ಹೇಳಿದ ಹಾಗೆ ಒಂದೊಂದಾಗಿ ಬಿಗಿದ.

"ಈಗ ಬೆಲ್ಟು," ಅಂದರು ಗುರುಗಳು. "ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡರ ಮೇಲೂ ಗುರುತು ಇರುತ್ತೆ. ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತಾಗ ಬೆಲ್ಟು ಹಾಕು."

"ಗುರುತು ತಪ್ಪಿದರೆ?"

"ಕೆಳಗಿಂದ ಪಿಸ್ಟನ್ನು ಮೇಲೆ ಬರುತ್ತೆ. ಅಷ್ಟರಲ್ಲಿ ಮೇಲಿನ ವಾಲ್ವು ಬಾಗಿಲು ಮುಚ್ಚಿಕೊಂಡಿರಬೇಕು. ಗುರುತು ತಪ್ಪಿದ್ದರೆ ಅದು ಬಾಯಿ ತೆಗೆದುಕೊಂಡೇ ಇರುತ್ತೆ. ಎರಡಕ್ಕೂ ಢಿಕ್ಕಿ."

"ಆಮೇಲೆ?"

"ಆಮೇಲೆ ಏನಿಲ್ಲ. ಅದಕ್ಕೇ ಬೆಲ್ಟು ಹಾಕಿದ ಮೇಲೆ ಬೀಗದಕೈ ಮುಟ್ಟಬೇಡ. ಮೊದಲು ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸು. ಎಲ್ಲಾದರೂ ತಡೆದರೆ ನಿಲ್ಲಿಸು. ಬಲ ಹಾಕಬೇಡ."

"ತಡೆದರೆ ಏನು ಮಾಡಲಿ?"

"ತಡೆದರೆ ನನಗೆ ಹೇಳು."

ಅಷ್ಟು ಹೇಳಿ ಗುರುಗಳು ಸ್ನಾನಕ್ಕೆ ಹೊಳೆಗೆ ಹೋದರು.

ಇಲ್ಲೊಂದು ವಿಷಯ ಹೇಳಬೇಕು. ಆ ಕಾರಿನ ಬೆಲ್ಟಿನ ಮುಚ್ಚಳ ಯಾವಾಗಲೋ ಒಡೆದುಹೋಗಿತ್ತು. ಚಕ್ರಗಳು ಹೊರಗೇ ಕಾಣುತ್ತಿದ್ದವು. ಆಯುಧಪೂಜೆ ದಿನ ಹೊನ್ನಮ್ಮ ಕಾರಿನ ಮೈಗೆಲ್ಲ ಬೊಟ್ಟಿಟ್ಟು, ಬಾನೆಟ್ಟು ಎತ್ತಿಸಿ ಒಳಗಿನ ಮೇಲಿನ ಚಕ್ರಕ್ಕೂ ಒಂದು ಇಡುತ್ತಿದ್ದಳು. ಕುಂಕುಮವನ್ನು ಆಯಿಲ್ಲು ನಿಲ್ಲಗೊಡುತ್ತಿರಲಿಲ್ಲ. ಅದಕ್ಕೆ ಹೋದ ಸಲ, ವರ್ಷವೆಲ್ಲ ಇರಲಿ ಅಂತ, ಬಾಗಿಲಿಗೆ ಬಳಿದು ಮಿಕ್ಕಿದ್ದ ಬಿಳಿ ಬಣ್ಣದಲ್ಲಿ ದುಂಡಗೆ ಒಂದು ಬೊಟ್ಟಿಟ್ಟಿದ್ದಳು.

ಲಕ್ಕಣ್ಣ ಕೆಳಗಿನ ಚಕ್ರದ ಗುರುತು ಹುಡುಕಿ ಸರಿಯಾಗಿ ನಿಲ್ಲಿಸಿದ. ಮೇಲಿನ ಚಕ್ರ ನೋಡಿದ. ಬಿಳಿ ಬೊಟ್ಟು ಹೊಳೆಯುತ್ತಿತ್ತು. ಮೆಕ್ಯಾನಿಕ್ಕುಗಳು ಹೀಗೇ ಬಿಳಿ ಬಣ್ಣದಲ್ಲಿ ಗುರುತು ಹಾಕುವುದನ್ನು ಅವನು ಕಂಡಿದ್ದ. ಇದೇ ಅಂದುಕೊಂಡ. ಬೊಟ್ಟನ್ನು ಜಾಗಕ್ಕೆ ತಂದ, ಬೆಲ್ಟು ಹಾಕಿದ.

ಸ್ಪ್ಯಾನರ್ ಹಾಕಿ ತಿರುಗಿಸಿದ. ಅರ್ಧ ಸುತ್ತು ಬಂತು. ನಿಂತಿತು.

ಹೊಳೆ ಕಡೆ ನೋಡಿದ. ಗುರುಗಳು ಇನ್ನೂ ನೀರಿನಲ್ಲಿದ್ದರು.

ಹೊಸ ಗ್ಯಾಸ್ಕೆಟ್ಟು, ಬಿಗಿ ಇರುತ್ತೆ ಅಂದುಕೊಂಡ. ಇಷ್ಟಕ್ಕೆಲ್ಲ ಕರೆದರೆ ಇವನಿಗೆ ಏನೂ ಬರಲ್ಲ ಅಂದುಕೊಂಡಾರು ಅಂತಲೂ ಅಂದುಕೊಂಡ. ತೋಟದಿಂದ ಒಂದು ಕಬ್ಬಿಣದ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿ ಅದುಮಿದ.

ಟಕ್ ಅಂತು. ಸಣ್ಣ ಸದ್ದು. ಸೆರಗಿನೊಳಗೆ ಬಳೆ ಒಡೆದ ಹಾಗೆ.

ಲಕ್ಕಣ್ಣ ಪೈಪು ಕೆಳಗಿಟ್ಟ. ಬಟ್ಟೆ ತಗೊಂಡು ಚಕ್ರ ಒರೆಸಿದ. ಗ್ರೀಸಿನ ಕೆಳಗೆ, ಬೊಟ್ಟು ಇದ್ದ ಕಡೆಯಲ್ಲ, ಬೇರೆ ಕಡೆ, ಎಳ್ಳಿನಷ್ಟು ಒಂದು ಗುಳಿ ಕಂಡಿತು. ಅಸಲು ಗುರುತು ಅದು.

ಬೆಲ್ಟು ತೆಗೆದ. ಸರಿಯಾದ ಗುರುತಿಗೆ ಹಾಕಿದ. ಮತ್ತೆ ತಿರುಗಿಸಿದ. ಈಗ ಸಲೀಸಾಗಿ ತಿರುಗಿತು. ಒಂದು ಕಡೆ ಸ್ವಲ್ಪ ಹೆಚ್ಚೇ ಸಲೀಸಾಗಿ.

ಪೈಪನ್ನು ತೋಟದಲ್ಲಿ ಇದ್ದ ಜಾಗಕ್ಕೇ ಇಟ್ಟು ಬಂದ.

ಗುರುವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಯಿತು. ಆದರೆ ಮೈಯೆಲ್ಲ ನಡುಗುತ್ತಿತ್ತು.

"ಏನೋ ಇದು, ಇದಕ್ಕೂ ನನ್ನ ಹಾಗೇ ಏದುಸಿರಾ?" ಅಂದಳು ಹೊನ್ನಮ್ಮ. ಆ ಹೊತ್ತಿಗೆ ಅವಳಿಗೆ ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಜವರಪ್ಪ ಅವಳನ್ನು ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಸಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತ.

ಗುರುಗಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಒಂದು ಕಾಲು ಕುಂಟುತ್ತಿದೆ," ಅಂದರು.

"ಹೊಸದಲ್ಲವಾ ಗುರುಗಳೇ. ಬಿಸಿಯಾದರೆ ಸರಿಹೋಗುತ್ತೆ."

"ಹಾಲಿನ ವ್ಯಾನು ಡೈರಿ ಮುಂದೆ ನಿಂತಿದೆ. ಹೇಳಿಟ್ಟಿದ್ದೀನಿ. ಅನುಮಾನ ಇದ್ದರೆ ಅದರಲ್ಲಿ ಕಳಿಸೋಣ."

"ಕ್ಯಾನುಗಳ ಮಧ್ಯೆ ಹೇಗೆ ಕೂರುತ್ತಾಳೆ ಗುರುಗಳೇ?"

"ಅದನ್ನ ಕೇಳಲಿಲ್ಲ. ಕೈಯಲ್ಲಿ ತಿರುಗಿಸಿದಾಗ ತಡೆಯಿತಾ?"

ಕೊನೇ ಸಲ ತಿರುಗಿಸಿದಾಗ ತಡೆದಿರಲಿಲ್ಲ ತಾನೇ? ಪೂರ್ತಿ ಸುಳ್ಳಲ್ಲ ಅಂತ ಲಕ್ಕಣ್ಣ ತನಗೆ ತಾನೇ ಹೇಳಿಕೊಂಡ.

"ಇಲ್ಲ ಗುರುಗಳೇ," ಅಂದ.

ಗುರುಗಳು ಕೈ ತೆಗೆದರು. ಕಾರು ಹೊರಟಿತು.

ಅರ್ಧ ದಾರಿ. ಗುಡ್ಡದ ಏರು. ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗಾಯಿತು. ಆಮೇಲೆ ಸದ್ದೇ ಇಲ್ಲ.

ಲಕ್ಕಣ್ಣ ಬೀಗದಕೈ ತಿರುಗಿಸಿದ, ತಿರುಗಿಸಿದ. ಫೋನು ನೋಡಿದ, ಅಲ್ಲಿ ಸಿಗ್ನಲ್ಲಿಲ್ಲ. ಗುಡ್ಡ ಹತ್ತಿ ಓಡಿದ.

"ಲಕ್ಕನ್ನ ಬಯ್ಯಬೇಡ," ಅಂತ ಹೊನ್ನಮ್ಮ ಗಂಡನಿಗೆ ಹೇಳಿದಳಂತೆ. "ಪಾಪ, ಮೂರು ದಿನದಿಂದ ಸರಿಯಾಗಿ ಉಂಡಿಲ್ಲ."

ಲಕ್ಕಣ್ಣ ಒಂದು ಟ್ರ್ಯಾಕ್ಟರ್ ಕರಕೊಂಡು ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಜವರಪ್ಪ ಹೆಂಡತಿಯ ಊದಿದ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದಿನ ಬಾಗಿಲು ತೆರೆದೇ ಇತ್ತು.

"ಇನ್ನು ಅವಸರ ಇಲ್ಲ," ಅಂದ.

ಹೊನ್ನಮ್ಮನ ಮಣ್ಣು ಮುಗಿಯಿತು. ತಿಥಿ ಮುಗಿದ ಮೇಲೆ ಗುರುಗಳು ಹೇಳಿದರು: "ಎಂಜಿನ್ನಿನ ತಲೆ ಬಿಚ್ಚು."

ಲಕ್ಕಣ್ಣ ಬಿಚ್ಚಿದ. ಒಂದು ವಾಲ್ವು ತುಂಡಾಗಿ ಪಿಸ್ಟನ್ನಿಗೆ ತೂತು ಹಾಕಿತ್ತು. ಗುರುಗಳು ಅಂಗೈ ಚಾಚಿದರು. ಅವನು ತುಂಡನ್ನು ಇಟ್ಟ. ಅವರು ಬೆರಳಲ್ಲಿ ಅದರ ಉದ್ದಕ್ಕೂ ಸವರಿದರು.

"ಇದು ಬಾಗಿ, ಆಮೇಲೆ ಮುರಿದದ್ದು. ಮುರಿದದ್ದು ಗುಡ್ಡದಲ್ಲಿ. ಬಾಗಿದ್ದು ಎಲ್ಲಿ?"

ಲಕ್ಕಣ್ಣ ನೆಲಕ್ಕೆ ಬಿದ್ದ. ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ, "ಆ ಬೊಟ್ಟು ಗುರುಗಳೇ. ಹೊನ್ನಮ್ಮಕ್ಕ ಬಣ್ಣದಲ್ಲಿ ಬೊಟ್ಟಿಟ್ಟಿದ್ದಳು. ನಾನು ಅದನ್ನೇ ಗುರುತು ಅಂದುಕೊಂಡೆ," ಅಂದ.

"ಸರಿ. ಬೊಟ್ಟು ಅವಳದು. ಪೈಪು ಯಾರದು?"

ಲಕ್ಕಣ್ಣ ಹಣೆ ನೆಲಕ್ಕೆ ಒತ್ತಿದ.

"ತಡೆಯಲಿಲ್ಲ ಅಂದ ಮಾತು ಯಾರದು?"

ಗುರುಗಳು ವಾಲ್ವಿನ ತುಂಡನ್ನು ಅವನ ಮುಂದೆ ಇಟ್ಟರು.

"ನನಗೆ ಹೇಳಿದೆಯಲ್ಲ, ಹೋಗು, ಜವರಪ್ಪನಿಗೂ ಹೇಳು."

ಜವರಪ್ಪ ಬದನೆ ಮಡಿಗೆ ನೀರು ಬಿಡುತ್ತಿದ್ದ. ಲಕ್ಕಣ್ಣ ಕೆಸರಿನಲ್ಲಿ ನಿಂತು ಮೊದಲಿಂದ ಕೊನೇವರೆಗೆ ಹೇಳಿದ. ನೀರು ಮಡಿ ತುಂಬಿ ಹೊರಗೆ ಹರಿಯಿತು. ಜವರಪ್ಪ ಅದನ್ನು ತಿರುಗಿಸಲಿಲ್ಲ.

ಕಡೆಗೆ ಹೇಳಿದ: "ಬೊಟ್ಟಿನ ವಿಷಯ ಊರಲ್ಲಿ ಯಾರಿಗೂ ಹೇಳಬೇಡ. ಅವಳ ಕೈಯಿಂದಲೇ ಹೋದಳು ಅಂದಾರು."

"ಇಲ್ಲಣ್ಣ. ನನ್ನ ಕೈಯಿಂದ ಅಂತಲೇ ಹೇಳ್ತೀನಿ."

"ಹೇಳು," ಅಂದ ಜವರಪ್ಪ. ಗುದ್ದಲಿ ಎತ್ತಿಕೊಂಡು ನೀರು ತಿರುಗಿಸಿದ. ಅವತ್ತಿನಿಂದ ಲಕ್ಕಣ್ಣನ ಮುಖ ನೋಡಲಿಲ್ಲ. ಲಕ್ಕಣ್ಣನೇ ಅಡುಗೆ ಮಾಡುತ್ತಿದ್ದ. ಬಡಿಸಿದ್ದನ್ನು ಉಂಡು, ಜವರಪ್ಪ ತಲೆ ಎತ್ತದೆ ಎದ್ದು ಹೋಗುತ್ತಿದ್ದ.

ಲಕ್ಕಣ್ಣ ಬಟ್ಟೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ. "ನನ್ನನ್ನ ಕಳಿಸಿಬಿಡಿ."

"ಬಿಚ್ಚಿದ್ದೀಯಲ್ಲ, ಕೂಡಿಸಿ ಹೋಗು."

ಅವನು ಗಂಟು ಕೆಳಗಿಟ್ಟ. ಹೊಸ ಪಿಸ್ಟನ್ನು ತಂದ, ಹೊಸ ವಾಲ್ವು ತಂದ. ತೆಗೆದಿಟ್ಟಿದ್ದ ಗ್ಯಾಸ್ಕೆಟ್ಟು ಕೈಗೆತ್ತಿಕೊಂಡ. ನಾಲ್ಕು ದಿನ ಕೂಡ ಬಳಸದ್ದು, ನೋಡಲು ಹೊಸದರ ಹಾಗೇ ಇತ್ತು.

"ಇದನ್ನೇ ಹಾಕಬಹುದಾ?"

"ಒಂದು ಸಲ ಅದುಮಿಸಿಕೊಂಡದ್ದು ಇನ್ನೊಂದು ಸಲ ಕೂರಲ್ಲ. ಬೇರೆ ತಾ."

ಬೇರೆ ತಂದ. ಎಲ್ಲ ಕೂಡಿಸಿದ. ಬೆಲ್ಟು ಹಾಕುವ ಮುಂಚೆ ಸೀಮೆಎಣ್ಣೆ ಬಟ್ಟೆ ತಗೊಂಡು ಬಿಳಿ ಬೊಟ್ಟಿಗೆ ಕೈ ಹಾಕಿದ. ವಾಸನೆಗೇ ಗುರುಗಳಿಗೆ ಗೊತ್ತಾಯಿತು.

"ಒರೆಸಬೇಡ."

"ಮತ್ತೆ ಯಾರಾದರೂ ಮೋಸ ಹೋದರೆ?"

"ಗುರುತಿನ ಗ್ರೀಸು ಒರೆಸು. ಬೊಟ್ಟು ಇರಲಿ."

ಅವನು ಎಳ್ಳಿನಷ್ಟು ಗುಳಿಯನ್ನು ಒರೆಸಿದ, ಫಳಫಳ ಅನ್ನುವವರೆಗೆ. ಜಾಗಕ್ಕೆ ತಂದ. ಬೆಲ್ಟು ಹಾಕಿದ. ಸ್ಪ್ಯಾನರ್ ಹಾಕಿ ತಿರುಗಿಸಿದ. ಒಂದು ಸುತ್ತು. ಇನ್ನೊಂದು ಸುತ್ತು. ಹತ್ತಿರದಲ್ಲೇ ಜವರಪ್ಪ ಗುದ್ದಲಿ ಊರಿ, ಬೆನ್ನು ಮಾಡಿ ನಿಂತಿದ್ದ.

ಗುರುಗಳು ಕೋಲೂರಿಕೊಂಡು ಬಂದರು.

"ತಡೆಯಿತಾ?"

"ಇಲ್ಲ ಗುರುಗಳೇ," ಅಂದ ಲಕ್ಕಣ್ಣ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಗುರುಗಳಿಗೆ ಅದು ಕಾಣಲಿಲ್ಲ.

ಅವರು ಕಾರಿನ ಮೈ ಸವರಿಕೊಂಡು ಹೋಗಿ ಹಿಂದಿನ ಬಾಗಿಲು ತೆಗೆದರು. ಹೊನ್ನಮ್ಮ ಒರಗಿದ್ದ ದಿಂಬು ಅಲ್ಲೇ ಇತ್ತು. ಅದಕ್ಕೆ ಒರಗಿ, ಅವಳು ಕೂತಿದ್ದ ಜಾಗದಲ್ಲೇ ಕೂತು, ಬಾಗಿಲು ಹಾಕಿಕೊಂಡರು.

"ಅವತ್ತೂ ನೀನು ಇದೇ ದನಿಯಲ್ಲೇ ಇಲ್ಲ ಅಂದಿದ್ದೆ ಕಣೋ. ನಡಿ, ಗುಡ್ಡದ ಕಡೆ ಬಿಡು."