ಕರಿ ಕುರಿಯ ಬಾಲ

ಕೆರೆಯಲ್ಲಿ ಮೈ ತೊಳೆಸಿದಾಗಲೇ ಮುದಿ ಕುರಿಗೆ ಗೊತ್ತಾಯಿತು, ಮತ್ತೆ ಕತ್ತರಿ ಬರುತ್ತದೆ ಎಂದು. ಉಳಿದ ಬಿಳಿ ಕುರಿಗಳು ಇದು ತಮಗೆ ಸನ್ಮಾನವೆಂದು ಬೀಗುತ್ತಿದ್ದವು.

ಕೊರಳಿಗೆ ಗಂಟೆ ಕಟ್ಟಿಕೊಂಡ ಟಗರು ಸಾರಿತು: "ಇನ್ನು ಚಳಿಗಾಲದಲ್ಲೂ ಉಣ್ಣೆಯ ತೆರಿಗೆ ಇದೆ. ಅದರಿಂದ ನಿಮಗೆಲ್ಲ ಕಂಬಳಿ ನೇಯಿಸುತ್ತೇವೆ."

"ಉಣ್ಣೆ ಮೈಮೇಲೇ ಇದ್ದರೆ ಕಂಬಳಿ ಯಾಕಪ್ಪ? ಹೋದ ಸಲದ್ದೇ ಇನ್ನೂ ಬಂದಿಲ್ಲ," ಎಂದಿತು ಮುದಿ ಕುರಿ.

ಟಗರು ಬಿಳಿ ಕುರಿಗಳತ್ತ ತಿರುಗಿ, "ಕರಿ ಕುರಿಗಳಿಗೆ ಬಾಲದ ಉಣ್ಣೆಯನ್ನೂ ಬಿಡುವುದಿಲ್ಲ," ಎಂದಿತು. ಬಿಳಿ ಕುರಿಗಳು ಜೈಕಾರ ಹಾಕಿದವು.

ಕತ್ತರಿ ಟಗರೊಂದನ್ನು ಬಿಟ್ಟು ಎಲ್ಲರ ಮೇಲೂ ಆಡಿತು. ಸಂಜೆಯ ಗಾಳಿಗೆ ಇಡೀ ಮಂದೆ ಗಡಗಡ ನಡುಗಿತು.

"ಈಗಲಾದರೂ ಚಳಿ ಗೊತ್ತಾಯಿತೇ?" ಎಂದು ಮುದಿ ಕುರಿ ರೇಗಿತು.

"ಸುಮ್ಮನಿರಜ್ಜಿ," ಎಂದಿತು ಬಿಳಿ ಕುರಿಯೊಂದು, ಹಲ್ಲು ಕಟಕಟಿಸುತ್ತಾ. "ಆ ಕರಿ ಕುರಿಯ ಬೋಳು ಬಾಲ ಹೇಗೆ ನಡುಗುತ್ತಿದೆ, ನೋಡು."