ತೂಬಿನ ಆಸೆಗೆ ಬಿದ್ದ ನಾಲಗಮ್ಮ

ತೊಗಲೇ ಕೋಟೆಯಾಗಿದ್ದ ಒಂದು ರಾಜ್ಯವಿತ್ತು ಮಕ್ಕಳೇ. ಕಿವಿಗೊಟ್ಟು ಕೇಳಿ. ನಡುವೆ ಬಾಯಿ ಹಾಕಿದರೆ ಕಥೆ ಅಲ್ಲಿಗೇ ನಿಂತೀತು.

ಆ ರಾಜ್ಯದ ರಾಜ ಹೃದಯರಾಯ. ಕೋಟೆಬಾಗಿಲಲ್ಲಿ ಕೂತು, ಬಂದ ಊಟವನ್ನೆಲ್ಲ ರುಚಿ ನೋಡಿ ಒಳಗೆ ಬಿಡುವವಳು ನಾಲಗಮ್ಮ. ಹಿಂದುಗಡೆ, ಬೆನ್ನಿನ ಮಗ್ಗುಲಲ್ಲಿ, ಎಡಯ್ಯ ಬಲಯ್ಯ ಅಂತ ಇಬ್ಬರು ಅಣ್ಣತಮ್ಮಂದಿರು. ಮೂತ್ರಪಿಂಡ ಅನ್ನುತ್ತೀರಲ್ಲ, ಅವರೇ. ಕೆರೆಯ ತೂಬು ತೆಗೆದು ಮುಚ್ಚುವ ನೀರುಗಂಟಿಗಳ ಹಾಗೆ, ರಾಜ್ಯದ ನೀರೆಲ್ಲ ಅವರ ಕೈಯಲ್ಲಿ. ಆ ತೂಬಿಗೆ ಬೇರೆಯವರು ಕೈ ಹಾಕುವಂತಿರಲಿಲ್ಲ.

ರಾಜ ಐದು ಕೊಡ ರಕ್ತ ಕಳಿಸಿದರೆ ಒಂದು ಕೊಡ ಅವರ ಮನೆಗೇ ಹೋಗುತ್ತಿತ್ತು. ನಾಲಗಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ.

"ಮುಷ್ಟಿಗಾತ್ರದ ಆಳುಗಳು! ಉಚ್ಚೆ ಸೋಸೋರಿಗೆ ತುಂಬಿದ ಕೊಡ, ರುಚಿ ಹೇಳೋ ನನಗೆ ಒಂದು ತಂಬಿಗೆ!"

ಉಣ್ಣುವಾಗಲೂ ಅವಳಿಗೆ ಆ ಕೊಡವೇ ಕಣ್ಣಮುಂದೆ. ಹೊಟ್ಟೆಕಿಚ್ಚು ಅಂದರೆ ಅದು ನೋಡಿ.

ಮೊದಲ ದಿನ ಉಪ್ಪಿನಕಾಯಿ, ಹಪ್ಪಳ, ಬಾಳಕ ಬಿಡದೆ ತಿಂದಳು. ತೊಟ್ಟು ನೀರು ಕುಡಿಯಲಿಲ್ಲ. ಕೆರೆ ಬತ್ತಲಿ, ರಾಜ ಅವರನ್ನು ಓಡಿಸಲಿ ಅಂತ. ಅಣ್ಣತಮ್ಮಂದಿರು ತೂಬು ಬಿಗಿದರು. ಗಾಢ ಹಳದಿ ನೀರು ಚೂರೇ ಚೂರು ಹೊರಗೆ ಹೋಯಿತು. ರಾಜ್ಯ ಉಳಿಯಿತು.

ಎರಡನೇ ದಿನ ಚೆಂಬಿನ ಮೇಲೆ ಚೆಂಬು ನೀರು ಕುಡಿದಳು. ಏರಿ ಒಡೆಯಲಿ ಅಂತ. ಅವರು ತೂಬು ತೆರೆದರು. ತಿಳಿನೀರು ಬುಳುಬುಳು ಹರಿಯಿತು. ರಾಜ್ಯ ಉಳಿಯಿತು.

ಮೂರನೇ ದಿನ ರಾಜನ ಹತ್ತಿರವೇ ಹೋದಳು. "ಬುದ್ಧೀ, ಆ ಇಬ್ರೂ ತಿಂದು ಕೊಬ್ಬವ್ರೆ. ತೂಬು ನನ್ನ ಕೈಗೆ ಕೊಡಿ. ಆ ಕೊಡಾನೂ ನನಗೇ ಬರಲಿ."

ರಾಜನದು ಹಿತ್ತಾಳೆ ಕಿವಿ. ಒಪ್ಪಿಬಿಟ್ಟ.

ಬಲಯ್ಯ ಅತ್ತೇಬಿಟ್ಟ. "ರಾಜ ಉಳಿಯಾಕಿಲ್ಲ ಕಣಣ್ಣಾ!"

"ಮೂರು ದಿನ ತಡ್ಕೊಂತಾರೆ ಕಣ್ಲಾ," ಅಂದ ಎಡಯ್ಯ. "ರುಚಿ ಕಂಡಿದ್ದನ್ನ ಉಗುಳಾಕೆ ಅವಳಿಗೆ ಬರಾಕಿಲ್ಲ. ರಾಜ ಕಣ್ಣಾರೆ ನೋಡ್ಲಿ."

ಆಮೇಲೆ ನಾಲಗಮ್ಮನಿಗೆ ವಿನಯದಿಂದ ಹೇಳಿದ: "ತಗೊಳವ್ವ. ಮೊದಲು ಸೋಸಿ ಈಚೆ ಬಿಡು. ಆಮೇಲೆ ಬೇಕಾದಷ್ಟೇ ಒಳಕ್ಕೆ ಎಳ್ಕೊ. ಹೆಚ್ಚಾದ್ದು, ಕೊಳೆ, ಎಲ್ಲಾ ಹೋಗ್ಲಿ."

ನಾಲಗಮ್ಮ ಸೋಸಿದಳು. ಉಪ್ಪು ಸಿಕ್ಕಿತು. ಆಹಾ! ಒಳಕ್ಕೆ ಎಳೆದುಕೊಂಡಳು. ಮತ್ತೆ ಉಪ್ಪು, ಮತ್ತೆ ಎಳೆದಳು. ಉಪ್ಪಿನ ಬೆನ್ನಿಗೇ ನೀರೂ ಒಳಗೆ ಬಂತು. ಕೊಳೆಯತ್ತ ನೋಡಲು ಅವಳಿಗೆ ಪುರುಸೊತ್ತೆಲ್ಲಿ?

ತೂಬು ಅವಳ ಕೈಗೆ ಬಂದ ಮೊದಲನೇ ದಿನ ರಾಜ್ಯದ ಕಾಲು ಊದಿತು. ಎರಡನೇ ದಿನ ಮುಖ ಊದಿತು. ಮೂರನೇ ದಿನ ನೀರು ಎದೆಮಟ್ಟಕ್ಕೆ ಏರಿ ರಾಜನಿಗೆ ಏದುಸಿರು ಬಂತು.

ಆಗಲೇ ಬಾಗಿಲಿಗೆ ಪಾಯಸ ಬಂತು. ನಾಲಗಮ್ಮ ನೆಕ್ಕಿದಳು. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಯಿತು! ತಾನು ಹೊರಗೆ ಬಿಡದ ಕೊಳೆ ಅವಳ ತನಕ ಏರಿ ಬಂದಿತ್ತು.

"ಅಯ್ಯೋ, ನನ್ನ ರುಚಿ! ಎಡಯ್ಯಾ, ಬಲಯ್ಯಾ, ಬನ್ರಪ್ಪೋ!"

ಕೂಗು ಮುಗಿಯುವ ಮೊದಲೇ ಅವರು ತೂಬಿನ ಮೇಲಿದ್ದರು. ಉಪ್ಪು ಹೋಯಿತು, ನೀರು ಇಳಿಯಿತು, ಕೊಳೆ ತೊಳೆದುಹೋಯಿತು. ರಾಜ ಉಸಿರಾಡಿದ.

"ತಪ್ಪಾಯ್ತು ಬುದ್ಧೀ," ಅಂದಳು ನಾಲಗಮ್ಮ. "ಆ ಕೊಡ ನೋಡಿ ನೋಡಿ ಉರಿದುಹೋದೆ."

"ಅದನ್ನ ಅವರು ಕುಡೀತಿದ್ರು ಅಂದ್ಕೊಂಡ್ಯಾ? ತೊಳೆದು ನನಗೇ ವಾಪಸ್ ಕಳಿಸ್ತಿದ್ರು ಕಣೇ. ಅದು ಕೂಲಿ ಅಲ್ಲ, ಕೆಲಸ. ಗೊತ್ತಿದ್ದೂ ನಿನ್ನ ಮಾತು ಕೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ," ಅಂದ ರಾಜ. "ಇನ್ನು ತೂಬಿನ ಕಡೆ ಸುಳೀಬೇಡ. ಅವರಿಗೆ ನೀರು ಬೇಕಾದಾಗ ಒಣಗೋದು ನಿನ್ನ ಬಾಯಿ. ನೀನೇ ಕೇಳಿ ತರಿಸಿಕೊಡ್ಬೇಕು."

ಅವತ್ತಿನಿಂದ ನಾಲಗಮ್ಮ ತಾನು ಕರುಬಿದವರಿಗಾಗಿಯೇ ನೀರು ಬೇಡುತ್ತಿದ್ದಾಳೆ.

ನೀತಿ ಇಷ್ಟೇ ಮಕ್ಕಳೇ. ಇನ್ನೊಬ್ಬರ ಮನೆಗೆ ಹೋಗುವ ಕೊಡ ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ಅದು ಕೂಲಿಯೋ ಕೆಲಸವೋ, ಮೊದಲು ತಿಳಿದುಕೊಳ್ಳಿ.

ನನ್ನ ಬಾಯಿಯೂ ಒಣಗಿದೆ. ಯಾರಾದರೂ ಎದ್ದು ಒಂದು ಲೋಟ ನೀರು ತನ್ನಿ.